ಅಜ್ಜಿಯ ಕಣ್ಣು, ಮಿರಜದ ದಾರಿ

ನಮ್ಮೂರು ಚಚಡಿಯಲ್ಲಿ ಅಜ್ಜಿಯ ಕಣ್ಣಿಗೆ ಪೊರೆ ಬಂದಾಗ ಹಿರಿಯರು ಹೇಳಿದ್ದು ಒಂದೇ ಊರು: ಮಿರಜ. ಬೆಳಗಾವಿತನಕ ಚಕ್ಕಡಿ, ಮುಂದೆ ರೈಲು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ 1889ರಲ್ಲಿ ಮಿಷನ್ ವೈದ್ಯರಾಗಿ ಭಾರತಕ್ಕೆ ಬಂದರು. 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಕಣ್ಣಿನ ಶಸ್ತ್ರಚಿಕಿತ್ಸೆಗೆ ಅವರ ಹೆಸರು ದೂರದೂರಕ್ಕೆ ಹಬ್ಬಿತ್ತು. ಅಜ್ಜಿ ಹೋಗುವ ಹೊತ್ತಿಗೆ ಅವರಿರಲಿಲ್ಲ, ಆಸ್ಪತ್ರೆ ಇತ್ತು. ಪಟ್ಟಿ ಬಿಚ್ಚಿದ ದಿನ ಅವಳು ಮೊದಲು ನೋಡಿದ್ದು ನನ್ನ ಅಂಗಿಯ ಹರಿದ ಗುಂಡಿಯನ್ನು!

ಮಿರಜ ಮರಾಠಿ ಮಾತಿನ ಊರಾದರೂ ಅಲ್ಲಿ ಕನ್ನಡಕ್ಕೆ ಕೊರತೆಯಿರಲಿಲ್ಲ. ಆದರೆ 1963ರಲ್ಲಿ ಕೆಎಲ್‌ಇ ಸಂಸ್ಥೆ ಬೆಳಗಾವಿಯಲ್ಲೇ ವೈದ್ಯಕೀಯ ಕಾಲೇಜು ತೆರೆಯಿತು. ಬರಬರುತ್ತ ನಮ್ಮವರ ಚಕ್ಕಡಿ ಅಲ್ಲೇ ನಿಲ್ಲತೊಡಗಿತು.