ಕಬ್ಬಿನ ಗದ್ದೆಗೆ ಮೂರು ಪಾಳಿಯ ಕಾವಲು

"ಕಾರ್ಡ್ ಕಟ್ಟಿದೆ, ಹುಳ ಹೋಗ್ಲಿಲ್ಲ" ಎನ್ನುವ ಕಬ್ಬು ಬೆಳೆಗಾರರು ನಮ್ಮ ಅಂಬೇವಾಡಿ, ಹಳಿಯಾಳ ಕಡೆ ಸಿಗುತ್ತಾರೆ. ಕಬ್ಬಿಗೆ ಬರುವ ಹುಳ ಒಂದೆರಡಲ್ಲ. ಒಂದೇ ಮಿತ್ರಕೀಟದಿಂದ ಎಲ್ಲವೂ ಹತೋಟಿಗೆ ಬಾರದು. ಹಾಗಾಗಿ ನಾನು ಕಾವಲನ್ನು ಮೂರು ಪಾಳಿ ಮಾಡಿದ್ದೇನೆ.

ಮೊದಲನೆಯದು ಸುಳಿ ಕೊರಕಕ್ಕೆ. ಎಳೆಗಬ್ಬಿನ ನಡುಸುಳಿ ಒಣಗಿ, ಎಳೆದರೆ ಕೈಗೇ ಬಂದು ನಾರುತ್ತದೆ. ಟ್ರೈಕೋಗ್ರಾಮ ಎಂಬ ಅತಿ ಸಣ್ಣ ಕಣಜ ಈ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಕಾಂಡ ಹೊಕ್ಕ ಹುಳವನ್ನು ಅದು ಮುಟ್ಟಲಾರದು. ಆದ್ದರಿಂದ ಸುಳಿ ಒಣಗುವ ತನಕ ಕಾಯಬಾರದು. ನೆಟ್ಟು ತಿಂಗಳಾಗುತ್ತಲೇ 10 ದಿನಕ್ಕೊಮ್ಮೆ ಎಕರೆಗೆ ಸುಮಾರು 20,000 ಮೊಟ್ಟೆಯ ಒಂದು ಕಾರ್ಡು ಬೇಕು. ತುಂಡು ಮಾಡಿ, ಸಂಜೆ ಹೊತ್ತು ಎಲೆಯಡಿ ಪಿನ್ ಹೊಡೆಯುತ್ತೇನೆ. ಸಾಲಿಗೆ ರವದಿ ಮುಚ್ಚಿದರೆ ಕೊರಕದ ಕಾಟ ಇನ್ನೂ ಕಡಿಮೆ.

ಎರಡನೆಯದು ಗೊಣ್ಣೆ ಹುಳಕ್ಕೆ. ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ಬೇವು, ಜಾಲಿ ಮರಕ್ಕೆ ಬರುತ್ತವೆ. ಕೊಂಬೆ ಅಲ್ಲಾಡಿಸಿ, ಬಿದ್ದದ್ದನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಮಣ್ಣಿನೊಳಗಿನ ಮರಿಗೆ ಮೆಟರೈಜಿಯಂ ಶಿಲೀಂಧ್ರ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಹಸಿ ಇರುವಾಗ ಬುಡಕ್ಕೆ ಕೊಡಬೇಕು. ಒಣ ಮಣ್ಣಲ್ಲಿ ಅದು ಬೆಳೆಯದು. ಶಿಲೀಂಧ್ರನಾಶಕದ ಜೊತೆಗಂತೂ ಬೇಡ.

ಮೂರನೆಯದು ಬಿಳಿ ಉಣ್ಣೆ ಹೇನಿಗೆ. 2002ರಲ್ಲಿ ಸಾಂಗ್ಲಿ ಕಡೆ ಕಾಣಿಸಿಕೊಂಡು ಅದೇ ವರ್ಷ ಉತ್ತರ ಕರ್ನಾಟಕಕ್ಕೂ ಬಂತು. ಆಳೆತ್ತರದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದೆಂದರೆ ಹೊಡೆಯುವವನ ಜೀವಕ್ಕೇ ಸಂಚಕಾರ. ಕೊನೆಗೆ ಅದನ್ನು ತಗ್ಗಿಸಿದ್ದು ಮುಖ್ಯವಾಗಿ ಡೈಫಾ, ಮೈಕ್ರೋಮಸ್ ಎಂಬ ಹೇನುಭಕ್ಷಕಗಳು ಮತ್ತು ಎನ್‌ಕಾರ್ಸಿಯಾ ಕಣಜ. ಹೆಕ್ಟೇರಿಗೆ ಡೈಫಾ 1000 ಅಥವಾ ಮೈಕ್ರೋಮಸ್ 2500 ಬಿಡಬೇಕೆಂಬುದು ಶಿಫಾರಸು. ಡೈಫಾ ಇರುವ ಗರಿಯನ್ನೇ ಕೊಯ್ದು ಹೇನು ಹತ್ತಿದ ಗದ್ದೆಗೆ ಸಿಕ್ಕಿಸಿದರೂ ಆಗುತ್ತದೆ. ಹೇನಿಲ್ಲದ ಗದ್ದೆಗೆ ಮಾತ್ರ ಒಯ್ಯಬಾರದು.

ಈ ಮೂರು ಪಾಳಿಯವರಿಗೆ ತಮ್ಮೊಳಗೆ ಜಗಳವಿಲ್ಲ. ಕೆಡಿಸುವುದು ನಡುವೆ ಹೊಡೆಯುವ ಒಂದು ಕೀಟನಾಶಕ. ಕೊರಕಕ್ಕೆಂದು ಹೊಡೆದರೆ ಕಾರ್ಡಿನ ಕಣಜವೂ ಸಾಯುತ್ತದೆ, ಹೇನು ತಿನ್ನುವವೂ ಸಾಯುತ್ತವೆ. ಹೇನು ಮಾತ್ರ ಮತ್ತೆ ಬೇಗ ಹೆಚ್ಚುತ್ತದೆ. ಹಾಗಾಗಿ ಪಂಪು ಎತ್ತುವ ಮೊದಲು ಹತ್ತಾರು ಗರಿ ಮಗುಚಿ ನೋಡಿ. ಹೇನಿನ ಗುಂಪಿನ ನಡುವೆ ನೂಲು ಹೆಣೆದುಕೊಂಡ ಡೈಫಾ ಮರಿ ಕಂಡರೆ ಪಂಪು ಕೆಳಗಿಡಿ. ಬದುವಿನಾಚೆಯ ಗದ್ದೆಯವರಿಗೂ ಕರೆದು ತೋರಿಸಿ. ಅವರು ಹೊಡೆದ ಔಷಧಿ ನಮ್ಮ ಕಾವಲಿಗೂ ತಟ್ಟುತ್ತದೆ.