ಹೊರೆಯಾಗದ ಹೊದಿಕೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಮನೆಯಲ್ಲಿ ಮಲಗುವವರಿಗೆ ಒಪ್ಪುವ ಮಾತು. ಬೆಟ್ಟವನ್ನೇರಿ ಬಯಲಿನಲ್ಲಿ ರಾತ್ರಿ ಕಳೆಯುವವರಾದರೋ ಹೆಗಲು ಹೊರಬಲ್ಲಷ್ಟೇ ಹಾಸಿಗೆಯನ್ನು ಕಟ್ಟಿಕೊಳ್ಳಬೇಕು. ಹೊರೆ ಹೆಚ್ಚಿದರೆ ನಡಿಗೆ ಕುಂಠಿತವಾಗುತ್ತದೆ. ಹೊದಿಕೆ ಸಾಲದಾದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ದೇಹದ ಉಷ್ಣತೆಯು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಅಪಾಯವನ್ನು ಅರಿಯುವ ಶಕ್ತಿಯೇ ಕುಂದುತ್ತದೆ.

ಕಂಬಳಿಯು ಶಾಖವನ್ನು ಕೊಡುತ್ತದೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಸುಮಾರು 37 ಡಿಗ್ರಿ ಉಷ್ಣತೆಯುಳ್ಳ ಮನುಷ್ಯನ ದೇಹವೇ ಒಲೆ. ಆ ಒಲೆಯ ಶಾಖವು ಹೊರಕ್ಕೆ ಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ. ಅದರ ಎಳೆಗಳ ನಡುವೆ ಸಿಲುಕಿ ನಿಶ್ಚಲವಾಗಿರುವ ಗಾಳಿಯೇ ಈ ಕೆಲಸವನ್ನು ಮುಖ್ಯವಾಗಿ ಮಾಡುತ್ತದೆ. ಗಾಳಿಯು ಶಾಖದ ದುರ್ಬಲ ವಾಹಕ. ಅದರ ತೂಕವೂ ಅತ್ಯಲ್ಪ. ಆದುದರಿಂದ ಕಡಿಮೆ ತೂಕದಲ್ಲಿ ಹೆಚ್ಚು ಗಾಳಿಯನ್ನು ಹಿಡಿದಿಡುವ ವಸ್ತುವೇ ಉತ್ತಮವಾದ ಹೊದಿಕೆ.

1922ರಲ್ಲಿ ಎವರೆಸ್ಟ್ ಶಿಖರವನ್ನೇರಲು ಹೊರಟ ಬ್ರಿಟಿಷ್ ತಂಡದಲ್ಲಿ ಜಾರ್ಜ್ ಫಿಂಚ್ ಎಂಬ ರಸಾಯನ ವಿಜ್ಞಾನಿಯಿದ್ದನು. ಆತನು ಬೆಲೂನಿನ ಬಟ್ಟೆಯೊಳಗೆ ಐಡರ್ ಎಂಬ ಬಾತಿನ ತುಪ್ಪುಳನ್ನು ತುಂಬಿಸಿ ನಿಲುವಂಗಿಯೊಂದನ್ನು ಸಿದ್ಧಪಡಿಸಿಕೊಂಡಿದ್ದನು. ಮೊದಲು ಅದನ್ನು ಕಂಡು ನಕ್ಕ ಸಂಗಡಿಗರೇ ಹಿಮಗಾಳಿ ಬೀಸಿದಾಗ ಅದರ ಬೆಲೆಯನ್ನು ಅರಿತರು. ತುಪ್ಪುಳು ತುಂಬಿದ ಇಂದಿನ ಮಲಗುವ ಚೀಲಗಳ ಗುಟ್ಟೂ ಇದೇ.

ಆದರೆ ತುಪ್ಪುಳಿಗೆ ಒಂದು ದೋಷವುಂಟು. ನೆನೆದರೆ ಅದು ಮುದ್ದೆಯಾಗುತ್ತದೆ, ಗಾಳಿಗೆ ಎಡೆಯಿಲ್ಲದಾಗುತ್ತದೆ. ಮಲೆನಾಡಿನಂತಹ ತೇವದ ಪ್ರದೇಶಕ್ಕೆ ಕೃತಕ ನಾರು ತುಂಬಿದ ಚೀಲವೇ ಮೇಲು. ಉಣ್ಣೆಯು ತೇವವಾದರೂ ಬೆಚ್ಚಗಿಡುವ ಗುಣವನ್ನು ಪೂರ್ತಿಯಾಗಿ ಕಳೆದುಕೊಳ್ಳದು. ಮಂಜಿನಲ್ಲಿಯೂ ತುಂತುರು ಮಳೆಯಲ್ಲಿಯೂ ಹಿಂಡು ಕಾಯುವ ನಮ್ಮ ನಾಡಿನ ಕುರಿಗಾಹಿಯು ಕರಿಯ ಕಂಬಳಿಯನ್ನು ಬಿಡದಿರುವುದು ಅನುಭವದಿಂದ ಬಂದ ವಿವೇಕ. ಅದರ ಭಾರವೊಂದೇ ದೂರ ನಡೆಯುವವನಿಗೆ ತೊಡಕು.

ಮೇಲಿನ ಚಳಿಯನ್ನು ಗಮನಿಸುವವರು ಕೆಳಗಿನ ಚಳಿಯನ್ನು ಮರೆಯುವುದುಂಟು. ಮಲಗಿದವನ ಭಾರಕ್ಕೆ ಬೆನ್ನಡಿಯ ತುಪ್ಪುಳು ಅದುಮಿಹೋಗಿ, ಗಾಳಿ ಹೊರಬಿದ್ದು, ತಣ್ಣನೆಯ ನೆಲವು ದೇಹದ ಶಾಖವನ್ನು ಹೀರತೊಡಗುತ್ತದೆ. ಎರಡೇ ಕಂಬಳಿಗಳಿದ್ದರೆ ಎರಡನ್ನೂ ಹೊದೆಯದೆ ಒಂದನ್ನು ಹಾಸಿಕೊಳ್ಳುವುದು ಜಾಣತನ. ಹಗುರವಾದ ಫೋಮಿನ ಚಾಪೆ ಇನ್ನೂ ಲೇಸು. ಅದಿಲ್ಲದಿದ್ದರೆ ಒಣ ಹುಲ್ಲೂ ಆದೀತು. ಚೀಲವು ಅತಿ ಬಿಗಿಯಾಗಿರಬಾರದು, ಅತಿ ಸಡಿಲವೂ ಆಗಿರಬಾರದು.

ಒಲೆಗೆ ಸೌದೆಯಂತೆ ದೇಹಕ್ಕೆ ಆಹಾರ. ಹಸಿದು ಮಲಗಿದವನನ್ನು ಒಳ್ಳೆಯ ಹೊದಿಕೆಯೂ ಬೆಚ್ಚಗಿಡಲಾರದು. ಬೆವರಿನಿಂದ ತೊಯ್ದ ಬಟ್ಟೆಯನ್ನು ಬದಲಿಸಿ, ತಲೆಗೆ ಟೋಪಿ ತೊಟ್ಟು ಮಲಗಬೇಕು. ಚಳಿಯೆಂದು ಡೇರೆಯೊಳಗೆ ಕೆಂಡವನ್ನು ಮಾತ್ರ ಇಟ್ಟುಕೊಳ್ಳಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿಯೇ ಅದು ಪ್ರಾಣವನ್ನು ಅಪಹರಿಸುತ್ತದೆ.

ಹೊರಗಿನ ಬೆಂಕಿಯನ್ನು ನಂಬುವುದಕ್ಕಿಂತ ಒಳಗಿನ ಶಾಖವನ್ನು ಕಾಪಾಡಿಕೊಳ್ಳುವುದು ಕ್ಷೇಮಕರ. ಈ ತತ್ತ್ವವನ್ನರಿತವನಿಗೆ ಸಣ್ಣ ಗಂಟೂ ಸಾಕಾಗುತ್ತದೆ. ಅರಿಯದವನಿಗೆ ದೊಡ್ಡ ಹೊರೆಯೂ ಸಾಲದು.