ಕರಾವಳಿ ಪ್ರವಾಸದ ಖರ್ಚು ಯಾರ ಖಾತೆಗೆ?

ವರ್ಷಾಂತ್ಯದ ಲೆಕ್ಕ ಮುಗಿದು ಮಕ್ಕಳಿಗೆ ಬೇಸಿಗೆ ರಜೆ ಬಂದೊಡನೆ ನಮ್ಮ ವರ್ತಕ ಬಂಧುಗಳು ಕುಟುಂಬ ಸಮೇತ ಕರಾವಳಿಗೆ ಹೊರಡುವುದು ವಾಡಿಕೆ. ಅರಸೀಕೆರೆಯವರು ಹಾಸನ, ಸಕಲೇಶಪುರ ಮಾರ್ಗವಾಗಿ ರೈಲಿನಲ್ಲಿ ಘಟ್ಟ ಇಳಿದು ಮಂಗಳೂರು ಸೇರಬಹುದು; ಬೇಲೂರು, ಹಳೇಬೀಡಿನವರಿಗೆ ಮೂಡಿಗೆರೆ, ಚಾರ್ಮಾಡಿ ಘಾಟಿಯ ರಸ್ತೆಯಿದೆ. ಪಣಂಬೂರಿನ ಕಡಲತೀರ, ಕಾರವಾರ, ಅನಂತರ ಪಣಜಿಯ ಪೋರ್ಚುಗೀಸರ ಕಾಲದ ಮನೆಗಳು: ನೋಡಬೇಕಾದುದು ಬಹಳವಿದೆ. ಆದರೆ ಊರಿಗೆ ಮರಳಿದ ಮೇಲೆ ಬಿಲ್ಲುಗಳ ಕಟ್ಟು ಅಂಗಡಿಯ ಗುಮಾಸ್ತರ ಮೇಜಿಗೆ ಬಂದಾಗ ಪ್ರಶ್ನೆ ಏಳುತ್ತದೆ.

ವ್ಯಾಪಾರಕ್ಕಾಗಿಯೇ, ಸಂಪೂರ್ಣವಾಗಿ ಅದಕ್ಕಾಗಿಯೇ ಮಾಡಿದ ವೆಚ್ಚವನ್ನು ಮಾತ್ರ ಆದಾಯದಿಂದ ಕಳೆಯಲು ಆದಾಯ ತೆರಿಗೆ ಕಾನೂನು ಒಪ್ಪುತ್ತದೆ. ನಮ್ಮ ಹಳೆಯ ಮಂಡಿಗಳ ಮೇಲೆ ಇಂದಿಗೂ ಮಂಗಳೂರು ಹೆಂಚುಗಳಿವೆ. ಆ ಉದ್ಯಮವನ್ನು ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿತು. ಅದರ ಕುರುಹುಗಳನ್ನು ನೋಡಿ ಬರುವುದು ಜ್ಞಾನವೃದ್ಧಿಯೇ ಹೌದು. ಅಷ್ಟಕ್ಕೇ ಅದು ವ್ಯಾಪಾರದ ವೆಚ್ಚವಾಗದು.

ಉದಾಹರಣೆಗೆ, ಇಬ್ಬರು ಸಮಪಾಲುದಾರರ ಸಂಸ್ಥೆಯೊಂದನ್ನು ತೆಗೆದುಕೊಳ್ಳೋಣ. ಒಬ್ಬರು ಕುಟುಂಬದ ಗೋವಾ ಪ್ರವಾಸದ 80,000 ರೂ.ಗಳನ್ನು 'ಪ್ರಯಾಣ ವೆಚ್ಚ' ಎಂದು ಬರೆಸಿದರು. ಆ ಕ್ಷಣದಲ್ಲೇ ಮತ್ತೊಬ್ಬರ ಪಾಲಿನಿಂದ 40,000 ರೂ. ಕಡಿಮೆಯಾಯಿತು. ಮುಂದೆ ಅಧಿಕಾರಿಗಳು ಇದನ್ನು ತಳ್ಳಿಹಾಕಿದರೆ ಶೇ. 30ರ ತೆರಿಗೆ ಮತ್ತು ಶೇ. 4ರ ಸೆಸ್ ಸೇರಿ 24,960 ರೂ., ಅದರ ಮೇಲೆ ಬಡ್ಡಿ. ಸುಳ್ಳು ನಮೂದು ಎಂದು ತೀರ್ಮಾನವಾದರೆ ದಂಡವು ತೆರಿಗೆಯ ಎರಡು ಪಟ್ಟಾಗಬಹುದು. ಸಮುದ್ರವನ್ನೇ ನೋಡದ ಪಾಲುದಾರರೂ ಇದರಲ್ಲಿ ಅರ್ಧವನ್ನು ಹೊರಬೇಕು. ಅಣ್ಣತಮ್ಮಂದಿರ ಸಂಸ್ಥೆಗಳು ಒಡೆಯುವುದು ಅನೇಕ ವೇಳೆ ಇಂತಹ ಸಣ್ಣ ನಮೂದುಗಳಿಂದಲೇ ಎಂಬುದು ಈ ಲೇಖಕನ ಅನುಭವ.

ಹಾಗಾದರೆ ಕೆಲಸವೂ ವಿಹಾರವೂ ಕೂಡಿದ್ದರೆ? ಅರಸೀಕೆರೆಯ ಕೊಬ್ಬರಿ ವರ್ತಕರು ಮಂಗಳೂರಿನ ಎಣ್ಣೆ ಗಿರಣಿಯೊಂದಿಗೆ ದರ ಮಾತನಾಡಿ, ಮರುದಿನ ಕುಟುಂಬದೊಡನೆ ಪಣಜಿಗೆ ಹೋದರೆನ್ನಿ. ಮಂಗಳೂರಿಗೆ ಹೋಗಿಬರುವ ತಮ್ಮೊಬ್ಬರ ಪ್ರಯಾಣ ದರ ಹಾಗೂ ಅಲ್ಲಿನ ಒಂದು ರಾತ್ರಿಯ ತಮ್ಮ ವಸತಿಯನ್ನು ವ್ಯಾಪಾರಕ್ಕೆ ಬರೆಯಬಹುದು. ಗಿರಣಿಯ ಪತ್ರ ಅಥವಾ ಆದೇಶದ ಪ್ರತಿ ವೋಚರಿನೊಡನೆ ಇರಲಿ. ಕುಟುಂಬದ ಟಿಕೆಟ್ಟುಗಳು ಮತ್ತು ಪಣಜಿಯ ಸಮಸ್ತ ಖರ್ಚು ಅವರ ಡ್ರಾಯಿಂಗ್ಸ್ ಖಾತೆಗೆ ಸೇರಬೇಕು. ವ್ಯಾಪಾರದ ಖರ್ಚಾದರೂ ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದಾಗಿ ಕೊಟ್ಟರೆ ಸಾಮಾನ್ಯವಾಗಿ ಅದಕ್ಕೆ ಮಾನ್ಯತೆಯಿಲ್ಲ.

ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಬರೆಸಿದರೆ ತೆರಿಗೆ ಜಮೆ ದೊರೆಯುತ್ತದೆಂಬ ನಂಬಿಕೆಯೂ ಇದೆ. ಹೋಟೆಲು ಇರುವ ಸ್ಥಳವೇ ಸೇವೆಯ ಸ್ಥಳ. ಆದುದರಿಂದ ಪಣಜಿಯ ಬಿಲ್ಲಿನಲ್ಲಿ ಕೇಂದ್ರದ ಹಾಗೂ ಗೋವಾ ರಾಜ್ಯದ ತೆರಿಗೆಗಳಿರುತ್ತವೆ. ಕರ್ನಾಟಕದಲ್ಲಿ ಮಾತ್ರ ನೋಂದಣಿಯಿರುವ ವರ್ತಕರಿಗೆ ಅದರ ಜಮೆ ಸಿಗದು.

ನೌಕರರಿಗೆ ರಜಾ ಪ್ರವಾಸ ರಿಯಾಯಿತಿ ಕೊಡುವ ಸದಸ್ಯರು ಗಮನಿಸಬೇಕಾದುದು: ಇದರ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದ ನೌಕರರಿಗೆ ಮಾತ್ರ, ಭಾರತದೊಳಗಿನ ಪ್ರಯಾಣಕ್ಕೆ ಮಾತ್ರ, ನಾಲ್ಕು ಕ್ಯಾಲೆಂಡರ್ ವರ್ಷಗಳಲ್ಲಿ ಎರಡು ಸಲ. ಪ್ರಯಾಣ ದರಕ್ಕಷ್ಟೇ ವಿನಾಯಿತಿ, ಊಟ-ವಸತಿಗಿಲ್ಲ. ಸುತ್ತಿ ಬಳಸಿ ಹೋದರೂ ಅತಿ ಸಮೀಪದ ಮಾರ್ಗದ ದರವೇ ಮಿತಿ.

ಪ್ರವಾಸಕ್ಕೆ ಹೊರಡುವ ಮೊದಲೇ ಎರಡು ಲಕೋಟೆಗಳನ್ನು ಇಟ್ಟುಕೊಳ್ಳಿ: ಒಂದು ಅಂಗಡಿಯ ಬಿಲ್ಲುಗಳಿಗೆ, ಇನ್ನೊಂದು ಮನೆಯ ಬಿಲ್ಲುಗಳಿಗೆ. ಅನುಮಾನ ಬಂದ ಬಿಲ್ಲು ಎರಡನೆಯ ಲಕೋಟೆಗೆ ಹೋಗಲಿ.